ಮಾವನವರ ಖಾಲಿ ಕುರ್ಚಿ

ಅರಸೀಕೆರೆಯ ಇಂದುಧರನಿಗೆ ಒಂದೇ ಒಂದು ಮುಖ ಬರೆಯಲು ಬರುತ್ತಿತ್ತು. ಸ್ಟೇಷನ್ ರಸ್ತೆಯ ಬೋರ್ಡುಗಳನ್ನೆಲ್ಲ ಬರೆದವನು ಅವನೇ. ಬೋರಯ್ಯನ ಕಾಫಿ ಹೋಟೆಲಿನ ಮೇಲೆ ಕೂತ ಲಕ್ಷ್ಮಿಗೂ, ಪಕ್ಕದ ಕ್ಷೌರದಂಗಡಿಯ ಮೇಲೆ ಕತ್ತೆತ್ತಿ ಕೂತ ಗಿರಾಕಿಗೂ, ಗರಡಿಮನೆಯ ಗೋಡೆಯ ಮೇಲಿನ ಭೀಮನಿಗೂ ಅದೇ ಮುಖ. ಭೀಮನಿಗೆ ಮೀಸೆ ಇದೆ, ಲಕ್ಷ್ಮಿಗೆ ಇಲ್ಲ, ಗಿರಾಕಿಗೆ ಅರ್ಧ ಇದೆ, ವ್ಯತ್ಯಾಸ ಅಷ್ಟೇ. ರೈಲು ಬದಲಿಸಲು ಇಳಿದವರು ಯಾರಾದರೂ, "ಇವರೆಲ್ಲ ಒಂದೇ ತಾಯಿ ಮಕ್ಕಳೇನಪ್ಪಾ?" ಎಂದು ಕೇಳಿದರೆ ಇಂದುಧರ ಕುಂಚ ಒರೆಸುತ್ತ, "ಕಲೆಯ ಕಣ್ಣಿಗೆ ಎಲ್ಲರೂ ಒಂದೇ" ಎನ್ನುತ್ತಿದ್ದ. ಕೇಳಿದವರು ಇದರಲ್ಲಿ ಏನೋ ವೇದಾಂತವಿರಬೇಕೆಂದು ಹೆದರಿ ರೈಲು ಹತ್ತುತ್ತಿದ್ದರು.

ಬೋರ್ಡಿಗೆ ನಡೆದ ಮುಖ ಮಾವನ ಮನೆಯಲ್ಲಿ ನಡೆಯಲಿಲ್ಲ. ಅವನ ಹೆಂಡತಿ ಹಾಲಮ್ಮ ಚೊಚ್ಚಲ ಬಾಣಂತನಕ್ಕೆಂದು ಜಾವಗಲ್ಲಿಗೆ ಹೋದವಳು, ಮಗು ಬೋರಲು ಬಿದ್ದು, ಹೊಸಿಲು ದಾಟಿ, ಅಂಬೆಗಾಲಿಡುವ ಹೊತ್ತಾದರೂ ವಾಪಸು ಬಂದಿರಲಿಲ್ಲ. ಅವಳಿಗೆ ಬರುವ ಮನಸ್ಸಿತ್ತು. ಕಳಿಸುವ ಮನಸ್ಸು ಅವಳಪ್ಪ ಕಲ್ಲೇಶಪ್ಪನವರಿಗಿರಲಿಲ್ಲ. ಕಲ್ಲೇಶಪ್ಪನವರೆಂದರೆ ಜಾವಗಲ್ಲಿನ ದೊಡ್ಡ ಕುಳ. ಕೊಬ್ಬರಿ ವ್ಯಾಪಾರ, ಕೆಂಪು ಜರಿ ರುಮಾಲು, ಬೆಳ್ಳಿ ಕಟ್ಟಿನ ಬೆತ್ತ, ಗುಡುಗಿನಂಥ ಗಂಟಲು. ಮೊಮ್ಮಗನಿಗೆ ಹೆಸರಿಟ್ಟ ದಿನ, ಜಗಲಿಯ ತುಂಬ ನೆಂಟರಿದ್ದ ಹೊತ್ತು ನೋಡಿಯೇ ಅವರು ಅಳಿಯನನ್ನು ಹಿಡಿದಿದ್ದರು.

"ಏನಪ್ಪಾ ಅಳೀಮಯ್ಯ, ಬಣ್ಣ ಬಳೀತೀನಿ ಅಂತೀಯಲ್ಲ, ನೀನು ಬರ್ದಿದ್ದು ಯಾರ್ದು ಅಂತ ಯಾರಿಗಾದ್ರೂ ಗೊತ್ತಾಗ್ತೈತಾ? ಒಂದು ಪಟ ಬರಿ. ಯಾರೂ ಹೇಳ್ಕೊಡದೆ ನಾಲ್ಕು ಜನ ನೋಡಿ, ಇದು ಇಂಥೋರ್ದು ಅನ್ಬೇಕು. ಅವತ್ತು ನನ್ನ ಮಗಳನ್ನ, ಮೊಮ್ಮಗನ್ನ ನಾನೇ ಬಸ್ ಹತ್ತಿಸ್ತೀನಿ. ಅಲ್ಲೀಗಂಟ ಸುಮ್ಕಿರು."

ಇಂದುಧರ ಸುಮ್ಮನೇ ಇದ್ದ. ಆದರೆ ಹಿಂದಿನ ವಾರ ಜಾವಗಲ್ ಬಸ್ಸಿನ ಡ್ರೈವರ್ ಕೆಂಚಯ್ಯನ ಬಾಯಲ್ಲಿ ಹಾಲಮ್ಮ ಒಂದು ಮಾತು ಹೇಳಿಕಳಿಸಿದ್ದಳು: "ಅಪ್ಪ ಮಗೀಗೆ ಮಂಚ ಮಾಡಿಸ್ತಾವ್ರೆ. ಬಡಗಿ ಅಳತೆ ತಕ್ಕೊಂಡು ಹೋದ." ಅಂಬೆಗಾಲಿಡುವ ಮಗುವಿಗೆ ಮಂಚ! ಅಂದರೆ ಮದುವೆಯವರೆಗೂ ಅಲ್ಲೇ ಎಂದಾಯಿತು. ಅಂದಿನಿಂದ ಇಂದುಧರ ಬರೆಯುತ್ತಿದ್ದ ಹೋಟೆಲಿನ ಹೊಸ ಬೋರ್ಡಿನಲ್ಲಿ ಇಡ್ಲಿಗಳು ಮೊಟ್ಟೆಯ ಆಕಾರಕ್ಕೆ ತಿರುಗಿದ್ದವು.

ಮಾವನವರನ್ನೇ ಬರೆದುಬಿಡುವುದೆಂದು ಅವನು ತೀರ್ಮಾನಿಸಿದ. ತೀರ್ಮಾನಿಸಿದ ಮೇಲೆ ಒಂದು ತೊಡಕು ಕಂಡಿತು. ಮಾವನವರ ಮುಖವನ್ನು ಅವನು ನೋಡಿಯೇ ಇರಲಿಲ್ಲ. ಹೆಣ್ಣು ನೋಡಲು ಹೋದ ದಿನ ಹೆದರಿ ತಗ್ಗಿಸಿದ ತಲೆಯನ್ನು ಆ ಮನೆಯಲ್ಲಿ ಅವನು ಮತ್ತೆ ಎತ್ತಿರಲಿಲ್ಲ. ತಗ್ಗಿದ ತಲೆಗೆ ಕಾಣುವುದೆಲ್ಲ ಮಾತ್ರ ಅಚ್ಚೊತ್ತಿದಂತೆ ನೆನಪಿತ್ತು: ಆ ದೊಡ್ಡ ಬೀಟೆಯ ಕುರ್ಚಿ, ಬಲಗೈಗೆ ಸಿಗುವಂತೆ ಅದರ ಬಲತೋಳಿನಲ್ಲಿ ಕೊರೆದ ಪುಟ್ಟ ಗೂಡು, ಗೂಡಿನಲ್ಲಿ ಹಿತ್ತಾಳೆಯ ನಶ್ಯದ ಡಬ್ಬಿ, ಒರಗಿಸಿದ ಬೆತ್ತ, ಕುರ್ಚಿಯ ಮೇಲೆ ತೆಗೆದಿಟ್ಟ ರುಮಾಲು, ಬಲಗಾಲಿನ ಮೆಟ್ಟಿನ ಉಂಗುಟದ ಹತ್ತಿರ ಹಾಕಿಸಿದ ಒಂದು ತೇಪೆ. ಇವೆಲ್ಲ ಜಾವಗಲ್ ಸುತ್ತಿನ ಹಳ್ಳಿಗಳಿಗೆಲ್ಲ ಗೊತ್ತಿದ್ದ ಸಾಮಾನು. ಇವುಗಳಿಗೆ ಜೋಡಿ ಇದ್ದದ್ದು ಒಂದೇ ಕಡೆ, ಬಾಣಾವರದ ಷಡಕ್ಷರಪ್ಪನವರಲ್ಲಿ. ಕಲ್ಲೇಶಪ್ಪನವರ ಚಿಕ್ಕಪ್ಪನ ಮಗನಾದ ಇವರಿಗೆ ಅಣ್ಣ ಕೊಂಡದ್ದನ್ನೇ ಕೊಳ್ಳುವ ವ್ರತ. ಅಣ್ಣ ಕುರ್ಚಿ ಮಾಡಿಸಿದರೆ ಅದೇ ಬಡಗಿಯ ಹತ್ತಿರ ಕುರ್ಚಿ, ಅಣ್ಣ ಮೆಟ್ಟಿಗೆ ತೇಪೆ ಹಾಕಿಸಿದರೆ ಹೊಸ ಮೆಟ್ಟಿಗೂ ತೇಪೆ.

"ಮನುಷ್ಯ ಅಂದ್ರೆ ಮುಖವಾ ಬೋರಯ್ಯ?" ಎಂದು ಇಂದುಧರ ಹೋಟೆಲಿನಲ್ಲಿ ತನ್ನ ಹೊಸ ಸಿದ್ಧಾಂತ ಬಿಡಿಸಿದ. "ಅವನು ದಿನಾ ಮುಟ್ಟೋ ಸಾಮಾನೇ ಅವನು."

"ಹಂಗಾದ್ರೆ ನಾನು ಹಾಲಿನ ಪಾತ್ರೆ."

"ಹೌದು."

"ತಳ ಸೀದಿರೋದು," ಎಂದು ಬೋರಯ್ಯ ಒಪ್ಪಿಕೊಂಡ.

ಪಟವನ್ನು ಬಣ್ಣದ ಕಲ್ಲಚ್ಚಿನಲ್ಲೇ ಮಾಡಿಸಬೇಕೆಂದು ಇಂದುಧರ ಬೆಂಗಳೂರಿಗೆ ಹೋದ. ಕಲ್ಲಚ್ಚೆಂದರೆ ನುಣ್ಣನೆಯ ಕಲ್ಲುಹಲಗೆಯ ಮೇಲೆ ಜಿಡ್ಡಿನ ಕಡ್ಡಿಯಲ್ಲಿ ಚಿತ್ರ ಬರೆದು, ಮಸಿ ಸವರಿ, ಕಾಗದಕ್ಕೆ ಒತ್ತುವುದು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಎಲ್ಲ ಚಿತ್ರಗಾರರೂ ಕಾಗದದ ಮೇಲೆ ಬರೆದುಕೊಟ್ಟು ಕೈಕಟ್ಟಿ ಕೂರುತ್ತಾರೆ; ಅದನ್ನು ಕಲ್ಲಿಗೆ ಇಳಿಸುವುದು ಪ್ರೆಸ್ಸಿನವರ ಕೆಲಸ. ಇಂದುಧರ ಕೂರಲಿಲ್ಲ. ಅಂಗಿಯ ತೋಳು ಮಡಿಸಿ, "ಕಲ್ಲಿನ ಮೇಲೆ ನಾನೇ ಬರೀತೀನಿ" ಎಂದ. ಬರೆದ. ನೆನಪಿನಲ್ಲಿ ಹೇಗಿತ್ತೋ ಹಾಗೇ, ಗೂಡು ಬಲತೋಳಿಗೆ, ತೇಪೆ ಬಲಮೆಟ್ಟಿಗೆ. ಕೆಳಗೆ ಅಂಕುಡೊಂಕಾಗಿ ಒಂದು ರುಜುವನ್ನೂ ಹಾಕಿದ.

ಪ್ರೆಸ್ಸಿನ ಮೇಸ್ತ್ರಿ ಬಗ್ಗಿ ನೋಡಿದ. "ಹಿಂಗೇ ಇರ್ಲಾ ಸ್ವಾಮಿ?"

"ಹಿಂಗೇ ಇರಲಿ."

"ಅಲ್ಲಾ, ಒತ್ತಿದ ಮೇಲೆ..."

"ನೋಡಯ್ಯ, ಕಲಾವಿದನಿಗೆ ಹೇಳಿಕೊಡಬೇಡ."

ಮೇಸ್ತ್ರಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡ. ಆದರೆ ಹಳದಿಯ ಸರದಿ ಬಂದಾಗ ಅವನಿಗೆ ತಡೆಯಲಾಗಲಿಲ್ಲ. "ಇಡೀ ಕಲ್ಲಿನಾಗೆ ಹಳದಿ ಅನ್ನೋದು ಒಂದು ನಶ್ಯದ ಡಬ್ಬಿ! ಎಂಥಾ ಕಲ್ಲು ಸ್ವಾಮಿ ಇದು, ಸುಮ್ಕೆ ದಂಡ. ಹಳದೀದು ಇನ್ನೊಂದೇನಾದ್ರೂ ಹಾಕ್ರಿ, ಕಳೆ ಬತ್ತದೆ."

ದಂಡ ಎಂಬ ಮಾತಿಗೆ ಇಂದುಧರ ಚಿತ್ರವನ್ನು ಮತ್ತೊಮ್ಮೆ ಬಗ್ಗಿ ನೋಡಿದ. ಖಾಲಿ ಕುರ್ಚಿಯ ಮುಂದೆ ಖಾಲಿ ಜಾಗವಿತ್ತು. ಅಲ್ಲಿ ಉರಿಯುವ ಒಂದು ದೀಪ ಬರೆದ. ಚೆನ್ನಾಗಿ ಉರಿಯಿತು.

ಪಾರ್ಸಲು ಅರಸೀಕೆರೆ ಸ್ಟೇಷನ್ನಿಗೆ ಬಂದ ದಿನ ಬೋರಯ್ಯ ಹೋಟೆಲಿನ ಮೇಜನ್ನು ಎರಡು ಸಲ ಒರೆಸಿದ. ಸುರುಳಿ ಬಿಚ್ಚಿದರೆ ಏನು ಬಣ್ಣ! ರುಮಾಲಿನ ಜರಿ ಮಿರಿಮಿರಿ ಎನ್ನುತ್ತಿತ್ತು. "ಆಹಾ, ಥೇಟ್ ಕಲ್ಲೇಶಪ್ನೋರೇ!" ಎಂದ ಬೋರಯ್ಯ. ಇಂದುಧರ ಮಾತ್ರ ಪಟದ ಮೇಲೆ ಬಗ್ಗಿದ. ಅವನ ಮುಖ ಬಣ್ಣ ಹಾಕದ ಬೋರ್ಡಿನಂತಾಗಿತ್ತು. ಗೂಡು ಕುರ್ಚಿಯ ಎಡತೋಳಿಗೆ ಬಂದು ಕೂತಿತ್ತು! ತೇಪೆ ಎಡಮೆಟ್ಟಿಗೆ ಹಾರಿತ್ತು! ಬೆತ್ತ ಎಡಕ್ಕೆ ಒರಗಿತ್ತು! ಕಲ್ಲಿನ ಮೇಲೆ ಬಲಕ್ಕಿದ್ದದ್ದು ಕಾಗದಕ್ಕೆ ಒತ್ತಿದಾಗ ಎಡಕ್ಕೆ ಬರುತ್ತದೆ, ಅದಕ್ಕೇ ಕಲ್ಲಿನ ಮೇಲೆ ತಿರುವುಮುರುವು ಬರೆಯಬೇಕು ಎಂಬುದು ಅವನಿಗೆ ಆಗ ಹೊಳೆಯಿತು. ಮೇಸ್ತ್ರಿ ನುಂಗಿಕೊಂಡ ಮಾತೂ ಹೊಳೆಯಿತು.

"ಮೂಲೇಲಿ ಇದೇನಪ್ಪಾ, ಉರ್ದುನಾ?" ಎಂದು ಬೋರಯ್ಯ ತಿರುಗುಮುರುಗಾದ ರುಜುವಿನ ಮೇಲೆ ಬೆರಳಿಟ್ಟ.

"ಸಂಸ್ಕೃತ," ಎಂದ ಇಂದುಧರ. "ಬೋರಯ್ಯ, ಎಡ ಬಲ ಅದಲು ಬದಲಾಗೈತೆ. ಮಾವ ನೋಡಿದ್ರೆ ಇದು ನಂದಲ್ಲ ಅಂತಾರೆ. ನನ್ನ ಕತೆ ಮುಗೀತು."

"ಯಾವನು ನೋಡ್ತಾನಪ್ಪಾ ಎಡ ಬಲ! ಜನ ನೋಡೋದು ಬಣ್ಣ. ಕಳ್ಸು."

ಕಳಿಸದೆ ಬೇರೆ ದಾರಿಯೂ ಇರಲಿಲ್ಲ. ಜಾವಗಲ್ಲಿನಲ್ಲಿ ಮಂಚಕ್ಕೆ ಕಾಲು ಕೂರಿಸುತ್ತಿದ್ದರಂತೆ. ನಾಲ್ಕು ಜನ ಗುರುತು ಹಿಡಿದ ಮೇಲೆ ಮಾವನಿಗೆ ತೋರಿಸುವುದೆಂದು, ಅವರನ್ನೊಬ್ಬರನ್ನು ಬಿಟ್ಟು ನೆಂಟರಿಷ್ಟರಿಗೆಲ್ಲ ಒಂದೊಂದು ಪ್ರತಿ ಸುತ್ತಿದ. ಗಂಡಸಿ ಊರಿನಲ್ಲಿದ್ದ ಮಾವನವರ ಅಕ್ಕನಿಗೆ, ಬೇಲೂರಿಗೆ, ಬಾಣಾವರಕ್ಕೆ, ಮಾವನವರ ಸ್ನೇಹಿತರಾದ ಹಳೇಬೀಡಿನ ಶಾಂತರಾಜಯ್ಯನವರ ಜವಳಿ ಅಂಗಡಿಗೆ. ಯಾರೂ ಹೇಳಿಕೊಡಬಾರದೆಂದು ಷರತ್ತಿತ್ತಲ್ಲ, ಆದ್ದರಿಂದ ಜೊತೆಗೆ ಒಂದಕ್ಷರವನ್ನೂ ಬರೆಯಲಿಲ್ಲ. ಇಂದುಧರನ ಕಡೆಯಿಂದ ಎಂದು ಮಾತ್ರ ಹೇಳಿ ಬಸ್ಸಿನವರ ಕೈಗೂ ಗಾರ್ಡುಗಳ ಕೈಗೂ ಕೊಟ್ಟ.

"ಮೂಲೆಗೆ ಚೂರು ಅರಿಶಿನ ಮುಟ್ಸಪ್ಪಾ. ನೆಂಟ್ರ ಮನೆಗೆ ಹೋಗೋ ಕಾಗದ," ಎಂದ ಬೋರಯ್ಯ.

"ಬಣ್ಣ ಕೆಡ್ತದೆ!" ಎಂದು ಇಂದುಧರ ಕೈಯನ್ನೇ ಅಡ್ಡ ಹಿಡಿದ.

ಆಮೇಲೆ ಕಾಯುವುದು. ಬಸ್ಸು ಬಂದರೆ ಎದ್ದು ನಿಲ್ಲುವುದು, ಹೋದರೆ ಕೂರುವುದು. ಬೋರಯ್ಯ ತಂದಿಟ್ಟ ದೋಸೆಯನ್ನು ಎಡಗೈಯಲ್ಲಿ ತಿನ್ನಲು ಹೋಗಿ ಬೈಸಿಕೊಂಡ. ಎರಡು ದಿನ ಏನೂ ಆಗಲಿಲ್ಲ. ಮಾರನೆಯ ಬೆಳಿಗ್ಗೆ ಗಂಡಸಿಯ ಕಡೆಯಿಂದ ಬಂದ ಬಸ್ಸಿನಿಂದ ಮಾವನವರ ಅಕ್ಕ ಸಿದ್ಧಮ್ಮನವರು ಇಳಿದರು. ಇಳಿದವರೇ ಇಂದುಧರನನ್ನು ಕಂಡು ಗಂಟನ್ನು ನೆಲಕ್ಕೆ ಬಿಟ್ಟು ಅವನ ಕೊರಳಿಗೆ ಬಿದ್ದರು.

"ಹೋಗ್ಬಿಟ್ಟನಲ್ಲೋ ಇಂದುಧರಾ! ಕಲ್ಲೇಶಿ ಹೋಗ್ಬಿಟ್ಟನಲ್ಲೋ!"

ಇಂದುಧರನ ಕೈಯಿಂದ ಕಾಫಿ ಲೋಟ ಬಿತ್ತು. ಎಲ್ಲಿಗೆ ಎಂದು ಕೇಳುವ ಹೊತ್ತೇ ಅದು? ಅವನೂ ಗೊಳೋ ಎಂದ. ಬೋರಯ್ಯ ಸೌದೆ ಒಲೆಗೆ ನೀರು ಹೊಯ್ದು ಹೋಟೆಲಿನ ಅರ್ಧ ಬಾಗಿಲು ಎಳೆದ. ಕೆಂಚಯ್ಯ ಜಾವಗಲ್ ಬಸ್ಸಿನಲ್ಲಿ ಇಬ್ಬರಿಗೂ ಮುಂದಿನ ಸೀಟು ಬಿಡಿಸಿ, ದುಃಖದ ಗಾಡಿಯೆಂದು ದಾರಿಯುದ್ದಕ್ಕೂ ಹಾರನ್ ಹೊಡೆಯಲಿಲ್ಲ. ಇದರಿಂದ ದಾರಿಯಲ್ಲಿದ್ದ ಎಮ್ಮೆಗಳನ್ನೆಲ್ಲ ಇಳಿದು ಕೈಯಿಂದಲೇ ಸರಿಸಬೇಕಾಯಿತು.

"ಅಂಥಾ ಮನುಷ್ಯ ಸಿಕ್ಕಲ್ಲ ಕಣ್ರೀ," ಎಂದ ಕೆಂಚಯ್ಯ ಸ್ಟೇರಿಂಗ್ ಮೇಲೆ ಕಣ್ಣೊರೆಸಿಕೊಂಡು. "ನನ್ನ ಬೈದಷ್ಟು ಇನ್ಯಾರನ್ನೂ ಬೈದಿಲ್ಲ. ಪ್ರೀತಿ ಇಲ್ದಿದ್ರೆ ಬೈತಾರಾ?"

"ನನ್ನ ಪಟ ನೋಡದೇ ಹೋದ್ರಲ್ಲಾ..." ಎಂದು ಇಂದುಧರ ಬಿಕ್ಕಿದ. ಅರ್ಧ ದಾರಿ ಕಳೆದ ಮೇಲೆ ಅವನಿಗೆ ಕೇಳಬೇಕೆನಿಸಿತು. "ಹೆಂಗಾಯ್ತಂತೆ ಅತ್ತೆಮ್ಮಾ?"

ಸಿದ್ಧಮ್ಮನವರ ಅಳು ಗಕ್ಕನೆ ನಿಂತಿತು. "ನನ್ನ ಕೇಳ್ತೀಯಲ್ಲೋ! ಹೇಳಿ ಕಳ್ಸಿದೋನು ನೀನು!" ಎಂದು ಗಂಟಿನಿಂದ ಸುರುಳಿ ಎಳೆದು ತೊಡೆಯ ಮೇಲೆ ಬಿಡಿಸಿದರು. "ಕ್ಷೇಮ ಅಂತ ಒಂದಕ್ಷರ ಇಲ್ಲ. ಶುಭ ಅನ್ನೋಕೆ ಮೂಲೆಗೆ ಅರಿಶಿನ ಇಲ್ಲ. ಕುರ್ಚಿ ಖಾಲಿ. ಮೇಲೆ ರುಮಾಲು, ಕೆಳಗೆ ಮೆಟ್ಟು, ಮುಂದೆ ದೀಪ. ಇದಕ್ಕಿಂತ ಬಿಡಿಸಿ ಹೇಳೋಕಾಗ್ತೈತಾ? ಹೋದೋರ ಸಾಮಾನಲ್ವೇನೋ ಹಿಂಗೆ ಇಡೋದು?"

ಬಸ್ಸಿನವರೆಲ್ಲ ಕತ್ತು ಚಾಚಿ ನೋಡಿ, "ಪಾಪ, ಹಂಗೇ ಇಡೋದು" ಎಂದರು.

ಮಾವನವರು ಬದುಕಿದ್ದಾರೆ ಎಂಬ ಸಂತೋಷ ಇಂದುಧರನಿಗೆ ಬಂತು. ಅದು ಒಂದು ಎಮ್ಮೆ ದಾಟುವಷ್ಟು ಹೊತ್ತು ಇತ್ತು. ಆಮೇಲೆ ತಾನು ಬದುಕುವುದಿಲ್ಲ ಎಂಬುದು ಹೊಳೆಯಿತು. ಅವನು ಎದ್ದು, "ಕೆಂಚಯ್ಯ, ಗಾಡಿ ನಿಲ್ಸು, ನಾನು ಇಳೀತೀನಿ!" ಎಂದು ಕೂಗಿದ.

"ದುಃಖ ಹಂಗೇ ಅನ್ನಿಸ್ತದೆ ಬುದ್ಧಿ," ಎಂದು ಇಬ್ಬರು ರೈತರು ಅವನನ್ನು ತೋಳು ಹಿಡಿದು ಕೂರಿಸಿಕೊಂಡರು. ಜಾವಗಲ್ ಬರುವವರೆಗೂ ಆ ತೋಳು ಬಿಡಲಿಲ್ಲ.

ಜಾವಗಲ್ಲಿನಲ್ಲಿ ಕಲ್ಲೇಶಪ್ಪನವರು ಜಗಲಿಯ ಕುರ್ಚಿಯಲ್ಲಿ ಕೂತು, ರುಮಾಲು ತೆಗೆದಿಟ್ಟು, ಆಗತಾನೆ ಒಂದು ಚಿಟಿಕೆ ನಶ್ಯ ಏರಿಸಿದ್ದರು. ಕಣ್ಣಲ್ಲಿ ನೀರು ತುಂಬಿತ್ತು. ಬಸ್ಸಿಳಿದ ಅಕ್ಕ ಮುಖದ ಮೇಲೆ ಸೆರಗೆಳೆದುಕೊಂಡು, ಅಳುತ್ತ, ಅಭ್ಯಾಸಬಲದಿಂದ ಮೆಟ್ಟಿಲು ಹತ್ತಿ, ಅವರ ಮಗ್ಗುಲಲ್ಲೇ ಹಾದು ಕಂಬಕ್ಕೊರಗಿ ಕೂತು ರಾಗ ತೆಗೆದರು.

"ನಿನ್ನಂಥ ತಮ್ಮ ಇನ್ನೆಲ್ಲಿ ಸಿಗ್ತಾನೋ..."

ಅಕ್ಕನಿಗೆ ತಾನಲ್ಲದೆ ಇನ್ನೊಬ್ಬ ತಮ್ಮನೂ ಇದ್ದನೇ ಎಂದು ಯೋಚಿಸುತ್ತ ಕಲ್ಲೇಶಪ್ಪನವರೂ ಕಣ್ಣೊರೆಸಿಕೊಂಡರು. "ಯಾರಕ್ಕಾ? ಯಾವಾಗ?"

ಅಷ್ಟರಲ್ಲಿ ಬಾಣಾವರದಿಂದ ಷಡಕ್ಷರಪ್ಪನವರ ಗಾಡಿ ಬಂತು. ಅವರು "ಅಣ್ಣಾ!" ಎಂದು ಊರಿಗೆಲ್ಲ ಕೇಳುವಂತೆ ಒಂದು ಸಲ ಕೂಗಿ ದುಃಖ ಮುಗಿಸಿ, ಹಿತ್ತಿಲ ಕಡೆ ಕಣ್ಣಾಡಿಸಿ, ಕುರ್ಚಿಯಲ್ಲಿ ಕೂತವರ ಭುಜದ ಮೇಲೆ ಸಾಂತ್ವನದ ಕೈಯಿಟ್ಟರು.

"ಸಮಾಧಿಗೆ ಹಿತ್ತಲೇ ಸರಿ. ಆ ಮೂಲೆ ತೆಂಗಿನಮರ ಒಂದು ಕಡಿಸ್ಬೇಕಾಗ್ತದೆ."

"ಯಾವ ಮರ? ಆ ಕೆಂದೆಂಗಾ?"

"ಹೂಂ."

"ಕಾಯಿ ಬಿಡೋ ಮರ ಯಾಕ್ಲಾ ಕಡೀತೀಯ?"

"ಅದಲ್ದಿದ್ರೆ ಅಣ್ಣನಿಗೆ ಕಾಲು ನೀಡೋಕೆ ಜಾಗ..." ಎಂದು ಷಡಕ್ಷರಪ್ಪನವರು ತಿರುಗಿ ನೋಡಿದರು. ಅವರ ಬಾಯಿ ತೆರೆದದ್ದು ತೆರೆದಂತೇ ಇತ್ತು. ಸಿದ್ಧಮ್ಮನವರು ಸೆರಗು ಸರಿಸಿ ಚೀರಿದರು. ಬಸ್ಸಿನವರು ಒಬ್ಬರ ಹಿಂದೊಬ್ಬರು ಬಸ್ಸು ಹತ್ತಿಕೊಂಡರು.

ಹಳೇಬೀಡಿನಿಂದ ಬಂದಿದ್ದ ಶಾಂತರಾಜಯ್ಯನವರು ಮಾತು ಕಮ್ಮಿಯ ಮನುಷ್ಯ. ಅಂಗಡಿ ಮುಚ್ಚಿ ಬಂದಿದ್ದ ಅವರು ಏನೂ ಹೇಳದೆ ಕಂಕುಳಿನಿಂದ ಪಟ ತೆಗೆದು ಜಗಲಿಯ ಮೇಲೆ ಹಾಸಿದರು.

ಕಲ್ಲೇಶಪ್ಪನವರು ಪಟ ನೋಡಿ, ಕಾದ ಹೆಂಚಿನ ಮೇಲಿಂದ ಏಳುವಂತೆ ಕುರ್ಚಿಯಿಂದ ಎದ್ದರು. ಊರಿಗೆಲ್ಲ ಗುಡುಗುವ ಮನುಷ್ಯ ಅಪಶಕುನಕ್ಕೆ ಮಾತ್ರ ಗುಬ್ಬಚ್ಚಿ. ಹಲ್ಲಿ ಲೊಚಗುಟ್ಟಿದರೆ ಹೊರಟ ಗಾಡಿಯ ಎತ್ತು ಬಿಚ್ಚಿಸುವವರು.

"ಖಾಲಿ... ಮುಂದೆ ದೀಪ ಬೇರೆ..." ಎಂದರು. ಗಂಟಲಿನಿಂದ ಗಾಳಿಯಷ್ಟೇ ಬಂತು. "ಅಕ್ಕಾ, ಇದು ನಂದೇನಾ?"

"ನಿಂದೇ ಕಣೋ! ನೋಡ್ತಿದ್ದಂಗೆ ಗೊತ್ತಾಯ್ತು!"

"ಶಾಂತರಾಜಪ್ಪಾ?"

ಶಾಂತರಾಜಯ್ಯನವರು ತಲೆಯಾಡಿಸಿದರು.

"ಯಾವನ್ ಬರ್ದೋನು?"

ಕೊಬ್ಬರಿ ಮೂಟೆಗಳ ಹಿಂದೆ ಕುಕ್ಕರಗಾಲಲ್ಲಿದ್ದ ಇಂದುಧರನನ್ನು ಕೆಂಚಯ್ಯ ಎತ್ತಿ ನಿಲ್ಲಿಸಿದ. ಮಗುವನ್ನು ಕಂಕುಳಲ್ಲಿಟ್ಟುಕೊಂಡು ಹಾಲಮ್ಮ ಬಾಗಿಲಿಗೆ ಬಂದಿದ್ದಳು. ಹಿಂದೆ ನಡುಮನೆಯಲ್ಲಿ ಹೊಸ ಮಂಚ ವಾರ್ನಿಷಿನ ವಾಸನೆ ಹೊಡೆಯುತ್ತ ಕೂತಿತ್ತು.

"ಹಾಲೀ, ಒಳಗೆ ನಡಿ!" ಕಲ್ಲೇಶಪ್ಪನವರಿಗೆ ಅರ್ಧ ಗಂಟಲು ವಾಪಸು ಬಂತು. "ಬದುಕಿರೋ ಮಾವನಿಗೆ ದೀಪ ಇಟ್ಟೋನ ಮನೆಗೆ ನನ್ನ ಮಗಳು ಹೋಗಲ್ಲ. ಇವತ್ತಿಗೆ ಮುಗೀತು!"

ಇಂದುಧರ ಕಾಲಿಗೆ ಬಿದ್ದ. ಏನಾದರೂ ಹೇಳಿ ತಪ್ಪೊಪ್ಪಿಕೊಳ್ಳಬೇಕು. ಆದರೆ ಅವನ ತಲೆಯಲ್ಲಿ ಮೂರು ದಿನದಿಂದ ಗಿರಗಿರ ತಿರುಗುತ್ತಿದ್ದ ತಪ್ಪು ಒಂದೇ. ಅದೇ ಬಾಯಿಗೆ ಬಂತು.

"ತಪ್ಪಾಯ್ತು ಮಾವ! ಗೂಡು ಎಡಕ್ಕೆ ಹೋಗ್ಬಿಟ್ಟೈತೆ! ತೇಪೇನೂ ಎಡಕ್ಕೆ ಹೋಗೈತೆ! ಬೇಕು ಅಂತ ಮಾಡಿದ್ದಲ್ಲ!"

ಕಲ್ಲೇಶಪ್ಪನವರು ಪಟ ನೋಡಿದರು. ಕುರ್ಚಿ ನೋಡಿದರು. ಪಟದ ಗೂಡಿನ ಮೇಲೆ ಒಂದು ಕೈ, ಕುರ್ಚಿಯ ಗೂಡಿನ ಮೇಲೆ ಒಂದು ಕೈ ಇಟ್ಟು ಎರಡನ್ನೂ ನೋಡಿದರು. ಬಲಗಾಲೆತ್ತಿ ಮೆಟ್ಟಿನ ತೇಪೆ ನೋಡಿದರು. ಅವರ ಮುಖ ಮೆಲ್ಲಗೆ ಅರಳತೊಡಗಿತು.

"ನಂದಲ್ಲ," ಎಂದರು. ಆಮೇಲೆ ಗುಡುಗು ಪೂರ್ತಿ ವಾಪಸು ಬಂತು. "ನಂದಲ್ಲ ಕಣ್ರೋ! ನನ್ನ ಗೂಡು ಬಲಕ್ಕೈತೆ! ಎಡಕ್ಕೆ ಗೂಡು ಇರೋ ಕುರ್ಚಿ..."

ಮಾತು ಮುಗಿಸಬೇಕಾಗಿರಲಿಲ್ಲ. ಷಡಕ್ಷರಪ್ಪನವರು ಹುಟ್ಟಾ ಎಡಚರು. ಅದೇ ಬಡಗಿಯ ಹತ್ತಿರ ಅದೇ ಕುರ್ಚಿ ಮಾಡಿಸಿದಾಗ, ನಶ್ಯ ಎಡಗೈಗೆ ಸಿಗಬೇಕೆಂದು ಗೂಡನ್ನು ಎಡತೋಳಿಗೆ ಕೊರೆಸಿದ್ದರು. ತೇಪೆಯನ್ನೂ ಅದೇ ಹಟಕ್ಕೆ ಎಡಮೆಟ್ಟಿಗೇ ಹೊಲಿಸಿದ್ದರು. ಎಲ್ಲರ ಕಣ್ಣೂ ಪಟದಿಂದ ಎದ್ದು ಅವರ ಮೇಲೆ ಹೋಗಿ ನಿಂತವು. ಅವರು ಎಡಗೈಯಲ್ಲಿ ಹಿಡಿದಿದ್ದ ಬೆತ್ತವನ್ನು ಅವಸರದಲ್ಲಿ ಬಲಗೈಗೆ ಬದಲಿಸಿದರು. ಎಡಗಾಲನ್ನು ಬಲಗಾಲ ಹಿಂದೆ ಮರೆಮಾಡಿದರು.

"ಎತ್ಲಾ ಕಾಲ," ಎಂದರು ಅಣ್ಣ.

ಎತ್ತಿದರು. ಉಂಗುಟದ ಬಳಿ ತೇಪೆ ಇತ್ತು.

ಬೆಳಗಿನಿಂದ ಕಟ್ಟಿಕೊಂಡು ಬಂದ ಅಳು ಸಿದ್ಧಮ್ಮನವರಲ್ಲಿ ಇನ್ನೂ ಅರ್ಧ ಉಳಿದಿತ್ತು. ಅವರು ಅಲ್ಲೇ ಆ ಕಡೆಗೆ ತಿರುಗಿ ಕೂತು, "ಅಯ್ಯೋ ಷಡಕ್ಷರೀ, ನಿನ್ನಂಥ ತಮ್ಮ ಇನ್ನೆಲ್ಲಿ ಸಿಗ್ತಾನೋ..." ಎಂದು ನಿಂತ ಕಡೆಯಿಂದಲೇ ರಾಗ ಮುಂದುವರಿಸಿದರು.

"ಅಕ್ಕಾ, ನಾನಿನ್ನೂ ಇದೀನಿ!" ಎಂದು ಷಡಕ್ಷರಪ್ಪನವರು ಒರಗಲು ಆಸರೆ ಹುಡುಕಿದರು. ಪಕ್ಕದಲ್ಲಿ ಇದ್ದದ್ದು ಕುರ್ಚಿ. ಅದನ್ನು ಮುಟ್ಟದೆ ನೆಲಕ್ಕೆ ಕೂತರು.

ಹಾಲಮ್ಮ ಒಳಗೆ ಹೋಗಿರಲಿಲ್ಲ. ಮಗುವನ್ನು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಬದಲಿಸಿ ಕೇಳಿದಳು: "ಅಪ್ಪಾ, ಇದು ಚಿಕ್ಕಪ್ಪಂದೇ ತಾನೇ?"

"ಅನುಮಾನವೇ ಇಲ್ಲ!"

"ಅತ್ತೆಮ್ಮಾ, ನೀವೇನಂತೀರಿ? ಶಾಂತರಾಜಯ್ನೋರೇ? ಕೆಂಚಯ್ಯಾ?"

"ಅವರ್ದೇ," ಎಂದರು ಎಲ್ಲರೂ. ಶಾಂತರಾಜಯ್ಯನವರು ಕೂಡ ಬಾಯಿ ಬಿಟ್ಟು ಹೇಳಿದರು.

"ನಾಲ್ಕು ಜನ ನೋಡಿ ಇದು ಇಂಥೋರ್ದು ಅನ್ಬೇಕು ಅಂದಿದ್ರಿ. ಇಂಥೋರು ಯಾರಾಗಿರ್ಬೇಕು ಅಂತ ನೀವು ಹೇಳಿರ್ಲಿಲ್ಲ."

ಕಲ್ಲೇಶಪ್ಪನವರು ಮಗಳನ್ನು ನೋಡಿದರು. ಇಲ್ಲ ಎನ್ನಬಹುದಿತ್ತು. ಆದರೆ ಇಲ್ಲ ಎಂದರೆ ಪಟ ಮತ್ತೆ ಯಾರ ಮೇಲೆ ಬಂದು ಕೂರುತ್ತದೆ? ಅವರು ಅಳಿಯನ ರೆಟ್ಟೆ ಹಿಡಿದು ಎಬ್ಬಿಸಿದರು.

"ಭೇಷ್ ಬರ್ದಿದೀಯ ಅಳೀಮಯ್ಯ! ಥೇಟ್ ಷಡಕ್ಷರೀನೇ! ಕೆಂಚಾ, ಬಸ್ ತಿರುಗ್ಸು. ಟ್ರಂಕು ತನ್ರೋ. ಕರ್ಕೊಂಡು ಹೊರಡಪ್ಪಾ, ಈಗಲೇ ಹೊರಡು. ಈ ಮನೇಲಿ ಮಾತ್ರ ಇನ್ನೇನನ್ನೂ ನೆನಪಿಟ್ಕೋಬೇಡ."

ಇಂದುಧರ ಅಂದು ಮೊದಲ ಸಲ ತಲೆಯೆತ್ತಿ ಮಾವನವರ ಮುಖ ನೋಡಿದ. ದಪ್ಪ ಮೀಸೆ, ದುಂಡು ಕೆನ್ನೆ. ಗರಡಿಮನೆಯ ಗೋಡೆಯ ಭೀಮನ ಹಾಗೇ ಇದ್ದರು! ಮುಖ ಬರೆದಿದ್ದರೂ ನಡೆಯುತ್ತಿತ್ತಲ್ಲ ಎಂದು ಅವನು ಬಸ್ಸಿನ ಮೆಟ್ಟಿಲ ಮೇಲೆ ಒಂದು ಗಳಿಗೆ ಹಾಗೇ ನಿಂತ. ಹಿಂದಿನಿಂದ ಹಾಲಮ್ಮ ಟ್ರಂಕಿನಿಂದ ತಿವಿದಳು.

ಆ ಪಟಕ್ಕೆ ಕಲ್ಲೇಶಪ್ಪನವರು ಗಾಜು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದರು. ಬಾಣಾವರದ ತಮ್ಮ ಊಟಕ್ಕೆ ಬಂದಾಗಲೆಲ್ಲ ಅದರ ಎದುರಿಗೇ ಎಲೆ ಹಾಕಿಸುತ್ತಾರೆ. ಷಡಕ್ಷರಪ್ಪನವರು ಗೋಡೆಯ ಕಡೆ ತಿರುಗಿ ಬಲಗೈಯಲ್ಲಿ ಉಣ್ಣುತ್ತ, ಸಾರನ್ನೆಲ್ಲ ಎದೆಯ ಮೇಲೆ ಚೆಲ್ಲಿಕೊಳ್ಳುತ್ತಾರೆ.

ಅಂದು ಬಸ್ಸು ಊರು ದಾಟಿತು. ಕೆಂಚಯ್ಯ ಬೆಳಗಿನ ಬಾಕಿಯನ್ನೂ ಸೇರಿಸಿ ಹಾರನ್ ಹೊಡೆಯುತ್ತಿದ್ದ. ಇಂದುಧರನ ಮನಸ್ಸಿನಿಂದ ಭಯ ಇಳಿದು, ಇಳಿದ ಜಾಗಕ್ಕೆ ಮೆಲ್ಲಗೆ ಕಲೆ ಏರಿತು. ಸೀಟಿನ ಮೇಲಿದ್ದ ಮಗುವಿನ ಕುಲಾವಿ, ಹಾಲು ಕುಡಿಸುವ ಬೆಳ್ಳಿಯ ಒಳಲೆ, ಮರದ ಗಿಲಕಿಗಳನ್ನು ಅವನು ಕಣ್ಣು ಕಿರಿದು ಮಾಡಿ ನೋಡತೊಡಗಿದ. ಹಾಲಮ್ಮನಿಗೆ ಆ ನೋಟ ಗೊತ್ತಿತ್ತು. ಅವಳು ಮೂರನ್ನೂ ಎತ್ತಿ ಸೆರಗಿನೊಳಗೆ ಇಟ್ಟುಕೊಂಡಳು.

"ಬರೀರಿ, ಬೇಡ ಅನ್ನಲ್ಲ," ಎಂದಳು. "ಒಳಗೆ ಮಗು ಇದ್ರೆ ಮಾತ್ರ ತೊಟ್ಲು ಬರೀರಿ. ಮುಖ ಹೆಂಗಾದ್ರೂ ಬರ್ಲಿ. ದೀಪ ಬೇಡ."

"ಹಳದಿ ಕಲ್ಲು ದಂಡ ಆಗ್ತದಲ್ಲೇ?"

"ಹಳದಿ ಉಳಿದ್ರೆ ಮೂಲೆಗೆ ಹಚ್ಚಿ."